ಬಗ್ ಪಟ್ಟಿ ಎಲ್ಲರಿಗೂ ಕಾಣಬೇಕಾ?

ಸಾಫ್ಟ್‌ವೇರ್‌ನಲ್ಲಿ ಕಂಡ ದೋಷಗಳನ್ನು, ಅಂದರೆ ಬಗ್‌ಗಳನ್ನು, ಕಂಪನಿಗಳು ಪಟ್ಟಿ ಮಾಡಿ ಇಟ್ಟುಕೊಳ್ಳುತ್ತವೆ. ಆ ಪಟ್ಟಿಯನ್ನು ಜನರಿಗೂ ತೆರೆದಿಡಬೇಕಾ ಅನ್ನುವುದರ ಮೇಲೆ ಇಬ್ಬರ ವಾದ.

ಪರ: ಹಿಂಜವಡಿಯ ಒಬ್ಬ ಟೆಸ್ಟರ್

ನಮ್ಮ ಆಫೀಸು ಪುಣೆಯಲ್ಲಿದ್ದರೂ ಹುಬ್ಬಳ್ಳಿ, ಬೆಳಗಾವಿ ಶಾಖೆಗಳಿಗೆ ಕನ್ನಡದಲ್ಲೇ ಬಿಲ್ ಹೋಗಬೇಕು. ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಪಿಡಿಎಫ್ ಮಾಡುವಾಗ ಒತ್ತಕ್ಷರ ಕಳಚಿಬಿಡುತ್ತದೆ. ಶೆಟ್ಟಿ ಹೋಗಿ ಶೆಟ್‌ಟಿ ಆಗುತ್ತಾರೆ. ಕಂಪನಿಗೆ ಬರೆದರೆ, ‘ತೊಂದರೆ ನಿಮ್ಮ ಸಿಸ್ಟಮ್‌ನಲ್ಲೇ ಇರಬೇಕು, ಫಾಂಟ್ ಮತ್ತೆ ಹಾಕಿ’ ಅಂತ ಉತ್ತರ. ಹಾಕಿದ್ದೂ ಆಯಿತು. ಆಮೇಲೆ ನೋಡಿದರೆ ಬಾಣೇರ್‌ನಲ್ಲಿರುವ ಗೆಳೆಯನ ಆಫೀಸಿನಲ್ಲೂ ಇದೇ ಗೋಳು, ಅವನಿಗೂ ಇದೇ ಉತ್ತರ! ಪಟ್ಟಿ ಕಾಣುವಂತಿದ್ದರೆ ಇಬ್ಬರೂ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರ ಬಗ್ ಪಟ್ಟಿ, ಬಗ್‌ಜಿಲ್ಲಾ, 1998ರಿಂದ ಜನರಿಗೆ ತೆರೆದಿದೆ. ಡೆಬಿಯನ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಮಾಡುವವರಂತೂ ತೊಂದರೆಗಳನ್ನು ಮುಚ್ಚಿಡುವುದಿಲ್ಲ ಅಂತ 1997ರಲ್ಲೇ ಬರೆದುಕೊಟ್ಟಿದ್ದಾರೆ. ಅಲ್ಲಿ ಒಂದು ಬಗ್ ತೆರೆದರೆ ಯಾವ ಆವೃತ್ತಿಯಲ್ಲಿ ಬಂತು, ಏನು ಮಾಡಿದರೆ ಬರುತ್ತದೆ, ಯಾರ ಕೈಯಲ್ಲಿದೆ, ಎಲ್ಲ ಕಾಣುತ್ತದೆ. ಸರಿಮಾಡುವುದಿಲ್ಲ ಅಂತ ಬರೆದು ಮುಗಿಸಿದ್ದರೂ ಪರವಾಗಿಲ್ಲ, ನಾವು ಬೇರೆ ದಾರಿ ನೋಡಿಕೊಳ್ಳಬಹುದು. ಎಷ್ಟೋ ಸಲ ಆ ದಾರಿಯನ್ನೂ ಕೆಳಗೆ ಯಾರೋ ಪುಣ್ಯಾತ್ಮರು ಬರೆದಿರುತ್ತಾರೆ.

ಆ್ಯಪಲ್ ತನ್ನ ಪಟ್ಟಿ ತೋರಿಸುವುದಿಲ್ಲ. ಅದಕ್ಕೇ ಡೆವಲಪರ್‌ಗಳು ಓಪನ್ ರೇಡಾರ್ ಅಂತ ತಮ್ಮದೇ ಒಂದು ಜಾಗ ಮಾಡಿಕೊಂಡು, ಆ್ಯಪಲ್‌ಗೆ ಕಳಿಸಿದ ದೂರನ್ನೇ ಅಲ್ಲೂ ಹಾಕಿದರು. ಇದು ಯಾಕೆ ಬೇಕಿತ್ತು, ಹೇಳಿ?

ವಿರೋಧ: ಮಗರಪಟ್ಟಾದ ಒಬ್ಬ ಸಪೋರ್ಟ್ ಎಂಜಿನಿಯರ್

ಒತ್ತಕ್ಷರದ ಬಗ್ ಇಡೀ ಊರಿಗೆ ಕಂಡರೂ ನಷ್ಟವಿಲ್ಲ. ಆದರೆ ಬಗ್ ಪಟ್ಟಿ ಇರುವ ಡೇಟಾಬೇಸ್‌ನಲ್ಲಿ ಅದೊಂದೇ ಇರುವುದಿಲ್ಲವಲ್ಲ.

ಬಗ್ ದೂರಿನ ಜೊತೆ ನಮಗೆ ಬರುವ ಲಾಗ್ ಫೈಲ್, ಅಂದರೆ ಸಾಫ್ಟ್‌ವೇರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಕಡತ, ಒಮ್ಮೆ ತೆರೆದು ನೋಡಬೇಕು. ಗ್ರಾಹಕರ ಹೆಸರು, ಮೊಬೈಲ್ ನಂಬರ್, ಸರ್ವರ್ ವಿಳಾಸ, ಕೆಲವು ಸಲ ಪಾಸ್‌ವರ್ಡ್ ಕೂಡ. ಎರರ್ ಬಂದಾಗಿನ ಸ್ಕ್ರೀನ್‌ಶಾಟ್ ಕಳಿಸಿ ಅಂದರೆ, ಹಿಂದೆಯೇ ಸಂಬಳದ ಎಕ್ಸೆಲ್ ತೆರೆದಿರುತ್ತದೆ! ಇದನ್ನೆಲ್ಲ ಅಳಿಸಿ ಹಾಕಲು ಒಬ್ಬರನ್ನು ಕೂರಿಸಿದರೆ, ಬಗ್ ಸರಿಮಾಡುವ ಕೈ ಒಂದು ಕಡಿಮೆ. ಅಳಿಸುವಾಗ ಕಣ್ತಪ್ಪಿದರೆ ನಾಳೆ ಬೈಸಿಕೊಳ್ಳುವವರೂ ನಾವೇ.

ಭದ್ರತೆಯ ಬಗ್ ಅಂದರೆ ಇನ್ನೂ ಕಷ್ಟ. ಏನು ಮಾಡಿದರೆ ಬಗ್ ಬರುತ್ತದೆ ಅನ್ನುವುದೇ ಅಲ್ಲಿ ಒಳಗೆ ನುಗ್ಗುವ ದಾರಿ. ಅಷ್ಟೊಂದು ಹೊಗಳಿಸಿಕೊಳ್ಳುವ ಮೊಜಿಲ್ಲಾ ಕೂಡ ಇಂಥವನ್ನು ಸರಿಯಾಗುವ ತನಕ ಮುಚ್ಚಿಯೇ ಇಡುತ್ತದೆ. ಹಾಗೆ ಮುಚ್ಚಿಟ್ಟದ್ದಕ್ಕೂ ಕನ್ನ ಬಿತ್ತು. ವಿಶೇಷ ಅನುಮತಿ ಇದ್ದ ಒಬ್ಬರು ಒಂದೇ ಪಾಸ್‌ವರ್ಡನ್ನು ಬೇರೆ ಕಡೆಯೂ ಇಟ್ಟುಕೊಂಡಿದ್ದರು, ಅಲ್ಲಿಂದ ಅದು ಸೋರಿತು. 2015ರ ಸೆಪ್ಟೆಂಬರ್‌ನಲ್ಲಿ ಮೊಜಿಲ್ಲಾ ಹೇಳಿದ ಲೆಕ್ಕದಲ್ಲಿ, ನುಗ್ಗಿದವರ ಕೈಗೆ 185 ಗುಪ್ತ ಬಗ್‌ಗಳು ಸಿಕ್ಕಿದ್ದವು. ಅದರಲ್ಲಿ 53 ಗಂಭೀರವಾದವು. ಕನಿಷ್ಠ ಒಂದನ್ನು ಫೈರ್‌ಫಾಕ್ಸ್ ಬಳಸುವವರ ಮೇಲೆ ಪ್ರಯೋಗಿಸಿಯೂ ಬಿಟ್ಟಿದ್ದರು.

ಸರಿಮಾಡಿದ ಮೇಲಾದರೂ ತೆರೆಯಿರಿ ಅನ್ನುತ್ತಾರೆ. ಬ್ರೌಸರ್ ತಾನಾಗಿ ಅಪ್‌ಡೇಟ್ ಆಗುತ್ತದೆ, ಅಲ್ಲಿ ಸರಿ. ನಮ್ಮ ಗ್ರಾಹಕರು ಹಾಗಲ್ಲ. ‘ಮಾರ್ಚ್ ಲೆಕ್ಕ ಮುಗಿಯಲಿ, ಆಮೇಲೆ ನೋಡೋಣ’ ಅಂತ ಪ್ಯಾಚ್ (ಬಗ್ ಸರಿಮಾಡುವ ಅಪ್‌ಡೇಟ್) ಮುಟ್ಟದೆ ಕೂತವರು ಜಾಸ್ತಿ. ನಾವು ಪಟ್ಟಿ ತೆರೆದ ದಿನವೇ ಅವರ ಸಿಸ್ಟಮ್ ಬಯಲಿಗೆ ಬೀಳುತ್ತದೆ.

ಕಂಪನಿಗಳು ಗೊತ್ತಿರುವ ತೊಂದರೆಗಳನ್ನೂ ಸದ್ಯದ ಉಪಾಯವನ್ನೂ ಪ್ರತಿ ಬಿಡುಗಡೆಯ ಜೊತೆ ಬರೆದು ದುಡ್ಡು ಕೊಟ್ಟವರಿಗೆ ಕಳಿಸಲಿ. ಹಿಂಜವಡಿಯವರ ಶೆಟ್ಟಿ ಬಿಲ್‌ಗೆ ಅಷ್ಟು ಸಾಕು. ಅದನ್ನೂ ಕೊಡದ ಕಂಪನಿಯನ್ನು ಬೈಯಲಿ, ನಾನೂ ಜೊತೆಗೆ ಬರುತ್ತೇನೆ. ಡೇಟಾಬೇಸ್ ಮಾತ್ರ ಒಳಗೇ ಇರಲಿ.