ಸತ್ಯಾಂಶ: ದಡಾರ ಬಂದು ಹೋದರೆ ಮೈ ಗಟ್ಟಿಯಾಗುತ್ತದಾ?

‘ಮಗುವಿಗೆ ದಡಾರ ತಾನಾಗಿ ಬಂದು ಹೋಗಲಿ, ಮೈ ಗಟ್ಟಿಯಾಗುತ್ತೆ, ಲಸಿಕೆ ಬೇಡ’ ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಒಮ್ಮೆ ಬಂದರೆ ದಡಾರ ಮತ್ತೆ ಬರುವುದು ತೀರಾ ಅಪರೂಪ, ಅಷ್ಟು ನಿಜ. ಆದರೆ ಅದಕ್ಕೆ ಮಗು ತೆರುವ ಬೆಲೆ ಜಾಸ್ತಿ. ನ್ಯುಮೋನಿಯಾ, ಭೇದಿ ಆಗಬಹುದು. ಕಣ್ಣೇ ಹೋಗಬಹುದು. ಸಾಲದ್ದಕ್ಕೆ, ಬೇರೆ ರೋಗಗಳ ವಿರುದ್ಧ ದೇಹ ಮೊದಲೇ ಗಳಿಸಿದ್ದ ಶಕ್ತಿಯನ್ನೂ ಈ ವೈರಸ್ ಅಳಿಸಿಹಾಕುತ್ತದೆ. ಮೈ ಗಟ್ಟಿಯಾಗುವುದಿರಲಿ, ಎಷ್ಟೋ ತಿಂಗಳು ಸೊರಗುತ್ತದೆ.

ಲಸಿಕೆಯಲ್ಲಿರುವುದು ಬಲ ಕುಂದಿಸಿದ ವೈರಸ್. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಡಿಗೆ ದ್ರಾವಣ ಬೆರೆಸಿ, ಬಲ ತೋಳಿಗೆ ಉಚಿತವಾಗಿ ಚುಚ್ಚುತ್ತಾರೆ. 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ. ವಾರದ ಮೇಲೆ ಸಣ್ಣ ಜ್ವರ ಬರಬಹುದು, ತಾನಾಗಿ ಇಳಿಯುತ್ತದೆ. ಎರಡೂ ಡೋಸ್ ಆದ 100 ಮಂದಿಯಲ್ಲಿ ಸುಮಾರು 97 ಮಂದಿಗೆ ರಕ್ಷಣೆ ಸಿಗುತ್ತದೆ. ಎರಡನೆಯದು ತಪ್ಪಿದ್ದರೆ ತಾಯಿ ಕಾರ್ಡ್ ಹಿಡಿದು ಹೋಗಿ, 5 ವರ್ಷದವರೆಗೂ ಹಾಕುತ್ತಾರೆ.