ನಮೂನೆ ಕೊಟ್ಟವರು ಯಾರು, ಚೀಟಿ ಬರೆಸಿದವರು ಯಾರು

ನಾನಿರುವ ನ್ಯೂಜೆರ್ಸಿಯಲ್ಲಿ ಮಾಮೂಲಿ ವಾರ್ಷಿಕ ತಪಾಸಣೆಗೆ ಹೋದರೂ, ವೈದ್ಯರನ್ನು ಕಾಣುವ ಮೊದಲೇ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ನಮೂನೆಯೊಂದನ್ನು ಕೈಗೆ ಕೊಡುತ್ತಾರೆ. ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಉತ್ಸಾಹ ಹೇಗಿದ್ದವು ಎಂದು ಕೇಳಿ ಅಂಕ ಹಾಕುವ ಈ ನಮೂನೆಯಲ್ಲಿ 27ಕ್ಕೆ 10 ಅಥವಾ ಹೆಚ್ಚು ಬಂದರೆ ಖಿನ್ನತೆಯ ಶಂಕೆ. ಅದನ್ನು ರೂಪಿಸಲು ಧನಸಹಾಯ ಕೊಟ್ಟದ್ದು ಫೈಜರ್; ಖಿನ್ನತೆಗೆ ಕೊಡುವ ಸರ್ಟ್ರಲೀನ್ ಮಾತ್ರೆಯನ್ನು ಜೊಲಾಫ್ಟ್ ಎಂಬ ಹೆಸರಿನಲ್ಲಿ ಮಾರಿದ್ದೂ ಅದೇ ಕಂಪನಿ. ನಮೂನೆ ನಿರುಪಯೋಗಿ ಎಂದಲ್ಲ. ಅಕ್ಕಿ ಮಾರುವವನೇ ಸೇರನ್ನೂ ಕೊಟ್ಟಾಗ ಕೊಳ್ಳುವವನು ಒಮ್ಮೆ ಅದರ ತಳ ನೋಡಬೇಕಾಗುತ್ತದೆ.

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ, ಆಪ್ತರನ್ನು ಕಳೆದುಕೊಂಡ ಮೊದಲ ಎರಡು ತಿಂಗಳ ದುಃಖವನ್ನು ಸಾಮಾನ್ಯವಾಗಿ ಖಿನ್ನತೆಯ ಲೆಕ್ಕದಿಂದ ಹೊರಗಿಡುತ್ತಿತ್ತು. 2013ರ ಐದನೆಯ ಆವೃತ್ತಿ ಆ ವಿನಾಯಿತಿಯನ್ನು ತೆಗೆದುಹಾಕಿತು. 2022ರ ಪರಿಷ್ಕರಣೆಯಲ್ಲಿ, ವರ್ಷ ಕಳೆದರೂ ತಗ್ಗದ ತೀವ್ರ ಶೋಕವೇ ಒಂದು ಪ್ರತ್ಯೇಕ ಕಾಯಿಲೆಯಾಯಿತು. ಆಲೂರಿನ ಕಡೆಯ ನಮ್ಮ ಮನೆಯಲ್ಲಿ ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ವರ್ಷದ ತಿಥಿ ಮುಗಿಯುವವರೆಗೆ ಸಂತೆಗೂ ಹೋಗಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಈ ನಮೂನೆಯಲ್ಲಿ ಅವರಿಗೆ ಹತ್ತಕ್ಕಿಂತ ಹೆಚ್ಚೇ ಅಂಕ ಬರುತ್ತಿತ್ತು. ಊರಿನಲ್ಲಿ ಮಾತ್ರ ಅದನ್ನು ಯಾರೂ ಕಾಯಿಲೆ ಎನ್ನಲಿಲ್ಲ.

ಹಾಗೆಂದು ಊರಿನ ರೀತಿಯೇ ಮೇಲೆಂದು ಬೀಗುವಂತಿಲ್ಲ. ನಿದ್ದೆ ಬಾರದೆಂದು ಹಾಸನಕ್ಕೆ ಹೋದ ದೊಡ್ಡಮ್ಮನಿಗೆ ಕ್ಲಿನಿಕ್ಕೊಂದರಲ್ಲಿ ಬರೆದುಕೊಟ್ಟ ಅಲ್ಪ್ರಜೋಲಮ್ ಮಾತ್ರೆ, ಅದೇ ಹಳೆಯ ಚೀಟಿಯ ಮೇಲೆ ವರ್ಷಗಟ್ಟಲೆ ಮೆಡಿಕಲ್ ಶಾಪಿನಿಂದ ಬರುತ್ತಲೇ ಇತ್ತು. ಈ ಔಷಧಿ ಭಾರತದಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಎಚ್‌1 ಪಟ್ಟಿಯಲ್ಲಿದ್ದು, ಪ್ರತಿ ಮಾರಾಟವನ್ನೂ ವಹಿಯಲ್ಲಿ ಬರೆದಿಡಬೇಕೆಂಬ ನಿಯಮ 2014ರಿಂದಲೇ ಇದೆ. ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಿತ್ತೇ ಹೊರತು ಕಾಯಿಲೆಯ ಹೆಸರಿರಲಿಲ್ಲ. ಯಾವುದಕ್ಕೆ ಎಂದು ಕೇಳಿದರೆ, "ನರಕ್ಕಂತೆ ಕಣಪ್ಪ, ಬಿಟ್ಟರೆ ಮೈಯೆಲ್ಲ ನಡುಗುತ್ತೆ" ಎಂದರು. ಆ ನಡುಕ ನರದ ದೌರ್ಬಲ್ಯವಲ್ಲ, ಬಹುಕಾಲ ನುಂಗಿದ ಮಾತ್ರೆಯನ್ನು ಥಟ್ಟನೆ ಬಿಟ್ಟಾಗ ಆಗುವುದು. ಆದ್ದರಿಂದಲೇ ಇಂಥ ಮಾತ್ರೆಗಳನ್ನು ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಇಳಿಸಬೇಕು.

ಅಮೆರಿಕದಲ್ಲಿ ಔಷಧಿ ಮಾರುವ ಕಂಪನಿಗಳೇನೂ ಸಾಚಾ ಅಲ್ಲ. ಪರವಾನಗಿಯೇ ಇಲ್ಲದ ಬಳಕೆಗೆ, ಅಂದರೆ 18 ವರ್ಷದೊಳಗಿನ ಮಕ್ಕಳ ಖಿನ್ನತೆಗೆ, ಪ್ಯಾಕ್ಸಿಲ್ ಮಾತ್ರೆಯನ್ನು ಪ್ರಚಾರ ಮಾಡಿದ್ದೂ ಸೇರಿದಂತೆ ಹಲವು ಆರೋಪಗಳಿಗೆ ಗ್ಲ್ಯಾಕ್ಸೊಸ್ಮಿತ್‌ಕ್ಲೈನ್ 2012ರಲ್ಲಿ 300 ಕೋಟಿ ಡಾಲರ್ ತೆತ್ತಿತು. ಆದರೆ 2010ರ ಕಾನೂನಿನ ಫಲವಾಗಿ, ಯಾವ ವೈದ್ಯರಿಗೆ ಯಾವ ಕಂಪನಿ ಎಷ್ಟು ಕೊಟ್ಟಿತು, ಊಟಕ್ಕೆಷ್ಟು, ಭಾಷಣಕ್ಕೆಷ್ಟು ಎಂಬುದನ್ನು ಅಮೆರಿಕದ ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಭಾರತದಲ್ಲಿ ವೈದ್ಯರು ಕಂಪನಿಗಳಿಂದ ಉಡುಗೊರೆ ಪಡೆಯಬಾರದೆಂಬ ನಿಯಮ 2009ರಲ್ಲೇ ಬಂತು. 2024ರಲ್ಲಿ ಕಂಪನಿಗಳಿಗೆ ಹೊಸ ಮಾರಾಟ ಸಂಹಿತೆಯೂ ಬಂತು. ವೈದ್ಯರ ಹೆಸರು ಹಾಕಿ ಹುಡುಕುವಂಥ ಪಟ್ಟಿ ಮಾತ್ರ ಇಲ್ಲ. ಬ್ಯಾಗು ಹಿಡಿದ ಮೆಡಿಕಲ್ ರೆಪ್, ಸರದಿಯಲ್ಲಿ ಕೂತ ರೋಗಿಗಳನ್ನು ದಾಟಿ ಒಳಗೆ ಹೋಗುವುದಷ್ಟೇ ನಮಗೆ ಕಾಣುತ್ತದೆ.

ನನ್ನ ಸಂಶಯ ಈ ಹಣದ ಮೇಲೆಯೇ ಹೊರತು ಕಾಯಿಲೆಯ ಮೇಲಲ್ಲ. ಉನ್ಮಾದ-ಖಿನ್ನತೆಯ ಕಾಯಿಲೆಗೆ ಇಂದಿಗೂ ಮುಖ್ಯ ಔಷಧಿಯಾಗಿರುವ ಲಿಥಿಯಂ ಯಾರ ಪೇಟೆಂಟೂ ಇಲ್ಲದ ಅಗ್ಗದ ಲವಣ, ಅದರಿಂದ ಬದುಕುಳಿದವರಿದ್ದಾರೆ. ಇದೆಲ್ಲ ಕಂಪನಿಗಳ ಆಟ ಎಂದು ಅಂಥವರ ಮಾತ್ರೆ ಬಿಡಿಸುವವರೊಂದಿಗೆ ನನಗೆ ಸಹಮತವಿಲ್ಲ. ಹಾಸನದ ವೈದ್ಯರು ಚೀಟಿಯಲ್ಲಿ ಮಾತ್ರೆಯ ಜೊತೆಗೆ ಯಾವ ತೊಂದರೆಗೆ, ಎಷ್ಟು ದಿನಕ್ಕೆ ಎಂದೂ ಬರೆಯಲಿ, ಅಮೆರಿಕದಲ್ಲಿರುವಂಥ ಪಟ್ಟಿಯನ್ನು ದೆಹಲಿಯವರು ಭಾರತದಲ್ಲೂ ತೆರೆಯಲಿ ಎಂಬುದಷ್ಟೇ ನನ್ನ ಒತ್ತಾಯ.