ಒಂದು ನೆಪ ಬೇಕಲ್ಲ

ನಮ್ಮ ಕಾಸರಗೋಡಿನ ಕಡೆ ಅರುವತ್ತು ದಾಟಿದ ಹೆಂಗಸೊಬ್ಬಳು “ಸುಮ್ಮನೆ ಮಾತಾಡಿಕೊಂಡು ಬರೋಣ ಅಂತ ಗೆಳತಿಯ ಮನೆಗೆ ಹೊರಟೆ” ಎಂದರೆ, ಬಸ್ಸಿಗೆ ಕಾಯುತ್ತ ನಿಂತವರೆಲ್ಲ ಅವಳ ಮನೆಯಲ್ಲಿ ಜಗಳವಾಗಿದೆ ಎಂದೇ ತೀರ್ಮಾನ ಮಾಡುತ್ತಾರೆ. ಗಂಡಸರಿಗೆ ಈ ತಾಪತ್ರಯ ಇಲ್ಲ. ಅಡಿಕೆಗೆ ಎಷ್ಟಾಗಿದೆ ಎಂದು ಕೇಳಿ ಬರಲು ಬದಿಯಡ್ಕಕ್ಕೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬಂದರೂ, ಎಷ್ಟಾಗಿದೆಯಂತೆ ಎಂದು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ನಮಗಾದರೆ ಅಂಗಳ ಇಳಿಯಲಿಕ್ಕೂ ನೆಪ ಬೇಕು. ಉಪನಯನ, ಮನೆಒಕ್ಕಲು, ಭೂತದ ಕೋಲ, ದೇವಸ್ಥಾನದ ಬ್ರಹ್ಮಕಲಶ, ಯಾವುದಾದರೂ ಆದೀತು. ಪುಣ್ಯಕ್ಕೆ ಇವೆಲ್ಲ ಬೇಸಗೆಯಲ್ಲೇ ರಾಶಿ ಬೀಳುತ್ತವೆ. ತುಳುವರ ಬೇಷ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ ಪತ್ತನಾಜೆ ಬಂದು ಯಕ್ಷಗಾನದವರ ಗೆಜ್ಜೆ ಬಿಚ್ಚಿಸುವವರೆಗೆ ನಾನು ಮನೆಯಲ್ಲಿ ಸಿಗುವುದು ಅಪರೂಪ. ಸಿಕ್ಕಿದರೂ ಒಬ್ಬಳೇ ಸಿಗುವುದಿಲ್ಲ, ಸುತ್ತ ಮೊಮ್ಮಕ್ಕಳಿರುತ್ತಾರೆ.

2025ರ ಬೇಸಗೆಯಂತೂ ಶುರುವಾದದ್ದೇ ದೊಡ್ಡ ನೆಪದಿಂದ. ಮಾರ್ಚ್ ಕೊನೆಗೆ ಮಧೂರು ದೇವಸ್ಥಾನದಲ್ಲಿ ಬ್ರಹ್ಮಕಲಶ, ಅದರ ಹಿಂದೆಯೇ ಗಣಪತಿಗೆ ಮೂಡಪ್ಪ ಸೇವೆ. ಗಣಪತಿಯನ್ನು ಅಪ್ಪದಲ್ಲೇ ಮುಚ್ಚುವ ಈ ಸೇವೆ ಹಿಂದೆ ನಡೆದದ್ದು 1992ರಲ್ಲಿ. ಆಗಲೂ ಹೋಗಿದ್ದೆ. ಆಗ ಸೊಂಟದಲ್ಲಿ ಮಗು ಇತ್ತು, ಈ ಸಲ ಡಾಕ್ಟರು ಕೊಟ್ಟ ಬೆಲ್ಟು. ಕುಂಬಳೆ ಸೀಮೆಯ ಇಡೀ ಜನವೇ ಅಲ್ಲಿ ಸೇರಿದಂತಿತ್ತು. ನೀರ್ಚಾಲಿನ ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದವಳು ಊಟದ ಚಪ್ಪರದಲ್ಲಿ ಸಿಕ್ಕಿದಳು. ದೇವರಿಗೆ ಕೈಮುಗಿಯುವ ಕೆಲಸ ಬೇಗ ಮುಗಿಯುತ್ತದೆ. ಆಮೇಲೆ ಇಬ್ಬರೂ ಎರಡು ಪಂಕ್ತಿ ಎದ್ದುಹೋಗುವವರೆಗೆ ಮಾತಾಡಿದೆವು. ಹೊರಡುವಾಗ ಅವಳು, “ಎಂಗಳಲ್ಲಿಗೆ ಬಾ” ಎಂದಳು. ನಾನು ಸುಮ್ಮನಿದ್ದೆ. ಅವಳಿಗೆ ಅರ್ಥವಾಯಿತು. “ಕಾಟುಮಾವಿನಹಣ್ಣು ಬಿದ್ದು ಹಾಳಾವ್ತಾ ಇದ್ದು, ಹೆರ್ಕಲೆ ಜನ ಇಲ್ಲೆ” ಎಂದು ಸೇರಿಸಿದಳು. ಹಾಳಾಗುವ ಹಣ್ಣನ್ನು ಉಳಿಸುವುದು ಪುಣ್ಯದ ಕೆಲಸ. ಇವರು ಕೂಡ ಬೇಡ ಎನ್ನಲಿಲ್ಲ.

ಅವಳ ಮನೆ ಪೆರ್ಲದಿಂದ ಸ್ವಲ್ಪ ಒಳಗೆ. ನಮ್ಮ ಬಸ್ಸುಗಳ ಕಂಡಕ್ಟರುಗಳಿಗೆ ಯಾವ ವಿಶ್ವವಿದ್ಯಾಲಯವಾದರೂ ಕರೆದು ಪದವಿ ಕೊಡಬೇಕು ಎಂದು ನನ್ನ ಅಭಿಪ್ರಾಯ. ಎದುರಿನ ಸೀಟಿಗೆ ಮಲಯಾಳ, ಹಿಂದಿನದಕ್ಕೆ ತುಳು, ನನ್ನ ಹತ್ತಿರ ಚಿಲ್ಲರೆ ಕೇಳುವಾಗ ಕನ್ನಡ. ಮುಖ ನೋಡಿಯೇ ಭಾಷೆ ಹೇಳುತ್ತಾರೆ, ತಪ್ಪುವುದು ಬಹಳ ಕಡಿಮೆ. ಗೆಳತಿಯ ಮನೆ ಮುಟ್ಟಿದಾಗ ಬೆಲ್ಲ-ನೀರು, ಬಳಿಕ ಪುನರ್ಪುಳಿ ಶರಬತ್ತು, “ಆಸರಿಂಗೆ ಇನ್ನೆಂತ ಅಕ್ಕು?” ಎಂಬ ವಿಚಾರಣೆ. ಮಾವಿನಹಣ್ಣಿನ ವಿಷಯ ಇಬ್ಬರಿಗೂ ನೆನಪಾದದ್ದು ಮರುದಿನ ಬಸ್ಸು ಬರುವ ಹೊತ್ತಿಗೆ. ಒಂದು ಚೀಲದಲ್ಲಿ ಅವಸರದಿಂದ ತುಂಬಿಸಿಕೊಂಡೆ. ಖಾಲಿ ಕೈಯಲ್ಲಿ ಮನೆಗೆ ಬಂದರೆ ನೆಪ ಸುಳ್ಳಾಗುತ್ತದೆ ನೋಡಿ.

ಇನ್ನು ಬರುವವರ ಕಥೆ. ಇದರಲ್ಲಿ ಸರಕಾರಗಳದ್ದೂ ಕೈಯಿದೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ನಮ್ಮ ಸಂಬಂಧಗಳಲ್ಲಿ ಅರ್ಧ ಪುತ್ತೂರು, ವಿಟ್ಲ, ಸುಳ್ಯದಲ್ಲಿ ಉಳಿದವು. ಮದುವೆಗಳು ಗಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಆದರೆ ಶಾಲೆಗಳು ತೆಗೆದುಕೊಳ್ಳುತ್ತವೆ. ಕೇರಳದೊಳಗೇ ಹೊಸದುರ್ಗದಲ್ಲಿರುವ ಕಿರಿಯ ಮಗನ ಮಕ್ಕಳಿಗೆ ಮಾರ್ಚ್ ಮುಗಿದ ಕೂಡಲೇ ರಜೆ. ವಿಟ್ಲದ ಮಗಳ ಮಕ್ಕಳಿಗೆ ಎಪ್ರಿಲ್ ಎರಡನೇ ವಾರದವರೆಗೆ ಪರೀಕ್ಷೆ, ಫಲಿತಾಂಶ ಎಂದು ಏನಾದರೊಂದು. ಬೆಂಗಳೂರಿನವರದ್ದು ಇನ್ನೂ ಬೇರೆ ಲೆಕ್ಕ, ಅವರು ಕಣ್ಣೂರಿನ ರೈಲಿನಲ್ಲಿ ಬೆಳಗ್ಗೆ ಕಾಸರಗೋಡಿನಲ್ಲಿ ಇಳಿಯುವಾಗ ಮೊದಲ ತಂಡಕ್ಕೆ ಅಜ್ಜನ ಮನೆ ಬೇಸರ ಬಂದಿರುತ್ತದೆ. ಹೀಗಾಗಿ ನನಗೆ ರಜೆ ಎಂಬುದು ಒಮ್ಮೆ ಬಂದು ಹೋಗುವುದಲ್ಲ, ಒಂದು ತಂಡದ ಚಾಪೆ ಸುರುಳಿ ಸುತ್ತುವ ಮೊದಲು ಇನ್ನೊಂದರದ್ದು ಬಿಚ್ಚಬೇಕು. ವಿಷುವಿನ ದಿನ ಮಾತ್ರ ಎಲ್ಲರೂ ಒಟ್ಟಿಗೆ ಕಣಿ ನೋಡಬೇಕೆಂದು ನನ್ನ ಆಸೆ. ಅದೊಂದು ಕೂಡಿ ಬಂದರೆ ಉಳಿದದ್ದು ಹೇಗಾದರೂ ಸಾಗಲಿ.

ಜನ ಹೆಚ್ಚುವುದಕ್ಕೂ ನೀರು ಕಡಿಮೆಯಾಗುವುದಕ್ಕೂ ಒಂದೇ ಮುಹೂರ್ತ. ನಮ್ಮದು ಸುರಂಗದ ನೀರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ, ಒಂದಾಳು ಹೋಗುವಷ್ಟು ಕೊರೆದುಕೊಂಡು ಹೋದರೆ ಒಳಗೆ ಎಲ್ಲಿಯೋ ಒಸರು ಸಿಗುತ್ತದೆ, ಅದು ತಾನಾಗಿ ಹರಿದು ಹೊರಗೆ ಬರುತ್ತದೆ. ಬೆಂಗಳೂರಿನ ಮೊಮ್ಮಗ ಟಾರ್ಚು ಹಿಡಿದು ಒಳಗೆ ಇಣುಕಿ, ಬಾವಲಿ ಹಾರಿದ ರಭಸಕ್ಕೆ ಹೊರಗೆ ಓಡಿ ಬಂದು, ಸುಧಾರಿಸಿಕೊಂಡು ಕೇಳಿದ: “ಅಜ್ಜಿ, ಇದರ ಮೋಟರು ಎಲ್ಲಿದೆ?” ಮೋಟರೂ ಇಲ್ಲ, ಕರೆಂಟು ಬಿಲ್ಲೂ ಇಲ್ಲ ಎಂದರೆ ಅವನಿಗೆ ನಂಬಿಕೆಯೇ ಬರಲಿಲ್ಲ. ಮೇ ತಿಂಗಳಲ್ಲಿ ಅದರ ಧಾರೆ ಕಿರುಬೆರಳಿನಷ್ಟಾಗುತ್ತದೆ. ಆಗ ಸ್ನಾನಕ್ಕೆ ಸರದಿ, ಬಟ್ಟೆಗೆ ತೋಡಿನಲ್ಲಿ ಉಳಿದ ಗುಂಡಿ. ಸೊಸೆ ಮೊದಲ ವರ್ಷ ಮುಖ ಸಣ್ಣ ಮಾಡಿದ್ದಳು. ಈಗ ಅವಳೇ ಮಕ್ಕಳನ್ನು ಗದರುತ್ತಾಳೆ. ಬೆಂಗಳೂರಿನಲ್ಲಿ ಟ್ಯಾಂಕರಿಗೆ ಕಾದು ಕಾದು ಅವಳಿಗೆ ಸುರಂಗದ ಮೇಲೆ ಗೌರವ ಹುಟ್ಟಿದೆ.

ಮಕ್ಕಳು ಕೂಡ ಸುಮ್ಮನೆ ತವರಿಗೆ ಬರುವುದಿಲ್ಲ, ಗಮನಿಸಿ. “ಹಪ್ಪಳ ಮಾಡಲಿಕ್ಕೆ ಅಮ್ಮನಿಗೆ ಜನ ಬೇಕಲ್ಲ” ಎಂದು ಮಗಳು ಅತ್ತೆಯ ಹತ್ತಿರ ಹೇಳಿ ಬರುತ್ತಾಳೆ. ಆ ಅತ್ತೆಯೂ ತನ್ನ ಕಾಲದಲ್ಲಿ ಹಾಗೆಯೇ ಹೇಳಿ ಹೋದವರು, ಹಾಗಾಗಿ ಕಳುಹಿಸುತ್ತಾರೆ. ಹಪ್ಪಳಕ್ಕೆ ಜನ ಬೇಕು ಎನ್ನುವುದೇನೂ ಸುಳ್ಳಲ್ಲ. ಬೆಳೆದ ಹಲಸಿನಕಾಯಿ ಕೊಯ್ಯಲು ಒಬ್ಬ, ಕೈಗೆ ಎಣ್ಣೆ ಹಚ್ಚಿಕೊಂಡು ಮೇಣದ ಜೊತೆ ಗುದ್ದಾಡಿ ಸೊಳೆ ಬಿಡಿಸಲು ನಾಲ್ಕು ಜನ, ಅಟ್ಟಿನಳಗೆಯಲ್ಲಿ ಬೇಯಿಸಿ ಉಪ್ಪು ಮೆಣಸು ಹಾಕಿ ಗುದ್ದಲು ತೋಳಿನಲ್ಲಿ ಬಲವಿರುವವರು. ಉಂಡೆ ಕಟ್ಟುವುದು, ಮಣೆಯಲ್ಲಿ ಒತ್ತುವುದು, ಅಡಿಕೆ ಒಣಗಿಸುವ ಅಂಗಳದಲ್ಲಿ ಚಾಪೆ ಹಾಸಿ ಹರಡುವುದು ಮಕ್ಕಳ ಪಾಲು. ಕಾಗೆ ಓಡಿಸಲು ಕೂರಿಸಿದವರು ಕಾಗೆಗಿಂತ ಹೆಚ್ಚು ತಿನ್ನುತ್ತಾರೆ, ಅದರಲ್ಲೂ ಹಿಟ್ಟಿನ ಉಂಡೆಗೆ ತೆಂಗಿನೆಣ್ಣೆ ಹಚ್ಚಿ. ಹಾಗೆ ಸಾವಿರ ಹಪ್ಪಳಕ್ಕೆ ಇಟ್ಟ ಹಿಟ್ಟಿನಲ್ಲಿ ಸಾವಿರ ಆದದ್ದು ನಮ್ಮ ಮನೆಯಲ್ಲಿ ಯಾವತ್ತೂ ಇಲ್ಲ. ಆದರೆ ಸೊಳೆ ಬಿಡಿಸುತ್ತ ಕೂತಾಗ ಹೊರಗೆ ಬರುವ ಮಾತುಗಳು ಫೋನಿನಲ್ಲಿ ಬರುವುದಿಲ್ಲ. ಕಿರಿಯ ಮಗನಿಗೆ ವರ್ಗವಾಗುವ ಸೂಚನೆ, ಮಗಳ ಮನೆಯ ಸಾಲ, ಸೊಸೆಗೆ ಕೆಲಸ ಬಿಡುವ ಮನಸ್ಸು, ಎಲ್ಲ ನನಗೆ ಗೊತ್ತಾದದ್ದು ಕೈಯಲ್ಲಿ ಮೇಣ ಅಂಟಿದ್ದಾಗಲೇ. ಎದ್ದು ಹೋಗಲು ಯಾರಿಗೂ ಆಗುವುದಿಲ್ಲವಲ್ಲ!

ಆ ವರ್ಷ ಮಳೆ ಮೋಸ ಮಾಡಿತು. ಜೂನ್ 1ಕ್ಕೆ ಬರಬೇಕಾದದ್ದು ಮೇ 24ಕ್ಕೇ ಕೇರಳಕ್ಕೆ ಬಂತು. 2009ರ ಮೇಲೆ ಇಷ್ಟು ಬೇಗ ಬಂದದ್ದೇ ಇಲ್ಲವಂತೆ. ಕೊನೆಯ ಸುತ್ತಿನ ಹಪ್ಪಳ ಅಂಗಳದಿಂದ ಅಟ್ಟಕ್ಕೆ ಹೋಗಿ ಹೊಗೆಯ ವಾಸನೆ ಹೊತ್ತು ಇಳಿಯಿತು. “ಇಷ್ಟು ಕಷ್ಟ ಯಾಕಮ್ಮ, ಬೆಂಗಳೂರಿನ ಅಂಗಡಿಯಲ್ಲೇ ಸಿಗುತ್ತದೆ” ಎಂದ ಮಗ. ಸಿಗುತ್ತದೆ, ಅದು ನನಗೂ ಗೊತ್ತು. ಅಂಗಡಿಯವನು ಅವನನ್ನು ಹದಿನೈದು ದಿನ ಇರಿಸಿಕೊಳ್ಳುತ್ತಾನೆಯೇ?

ಎಲ್ಲರೂ ಹೋದ ಮೇಲೆ ಇವರು ಜಗಲಿಯಲ್ಲಿ ಕೂತು ನನಗೆ ಬುದ್ಧಿ ಹೇಳಿದರು. ತಿರುಗಿದ್ದು ಸಾಕು, ಇನ್ನು ಮಳೆ, ಮನೆಯಲ್ಲಿ ಕೂರು ಎಂದು. ತಾವು ಬೇಸಗೆಯಿಡೀ ತಾಳಮದ್ದಳೆ ಎಂದು ಊರೂರು ಸುತ್ತಿದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ, ಅದು ಕಲಾಸೇವೆ. ಅಷ್ಟರಲ್ಲಿ ಪೆರ್ಲದವಳ ಫೋನು. ಒಳ್ಳೆಮೆಣಸಿನ ಬಳ್ಳಿ ನೆಡಲು ಇದೇ ಸಮಯ, ಅವಳಲ್ಲಿ ಬೇಕಾದಷ್ಟು ಇದೆ, ಯಾರಾದರೂ ಬಂದು ಕೊಂಡುಹೋದರೆ ಆಗಿತ್ತು. ನಾನು ಫೋನಿಗೆ ಕೈ ಅಡ್ಡ ಹಿಡಿದು ಇವರ ಕಡೆ ನೋಡಿದೆ.

“ಪಣಿಯೂರು ತಳಿಯೋ, ಕೇಳು” ಎಂದರು.

ಕೇಳಿದೆ. ಪಣಿಯೂರೇ ಅಂತೆ.

“ಹಾಂಗಾರೆ ನಾಳೆಯೇ ಹೋಗು. ಕೊಡೆ ತೆಕ್ಕೊ.”